ಟೈರಿನ ಸಂದಿಯ ಕಲ್ಲು

೧೨ ನವೆಂಬರ್, ಬುಧವಾರ

ಟೈರು ನೋಡಿದ್ದಕ್ಕೆ ನಾನೂರು ರೂಪಾಯಿ! ಶ್ರೀರಂಗಪಟ್ಟಣದ ಸರ್ವೀಸ್ ಸೆಂಟರಲ್ಲಿ ಬಿಲ್ ನೋಡಿ ಮೈ ಉರಿದುಹೋಯ್ತು. "ನೋಡಿ ಅಂತ ನಾನೇನಾದ್ರೂ ಹೇಳಿದ್ನಾ?" ಅಂದೆ. "ಬರೀ ನೋಡಿದ್ದಲ್ಲ ಮೇಡಂ, ಸಂದೀಲಿ ಸಿಕ್ಕಾಕೊಂಡಿದ್ದ ಕಲ್ಲೂ ಕಿತ್ತಿದ್ದೀವಿ" ಅಂದ ಕೌಂಟರಿನವನು. ಬೈಕೊಂಡೇ ಕೊಟ್ಟು ಬಂದೆ.

ಪಾಂಡವಪುರದ ದಾರೀಲಿ ಗೊತ್ತಾಯ್ತು, ಕಾರಿನ ಟಿಕ್ ಟಿಕ್ ಸದ್ದೇ ಇಲ್ಲ. ಅಪ್ಪ ಓಡಿಸ್ತಿದ್ದ ಕಾಲದಿಂದ ಇದ್ದ ಸದ್ದು. ಅದು ಒಂದು ಕಲ್ಲಿಂದು ಅಂತ ನಮಗ್ಯಾರಿಗೂ ಗೊತ್ತಿರಲಿಲ್ಲ.

ಅಪ್ಪ ಹೋಗಿ ವರ್ಷವಾಗ್ತಾ ಬಂತು. ಈಗ ಕಾರು ಓಡಿಸೋಳು ನಾನು. ಆದರೂ ಬೀದಿ ತಿರುವಲ್ಲಿ ಆ ಸದ್ದು ಕೇಳಿದ್ರೆ ಸಾಕು, ಅವ್ವ "ಬಂದ್ರು" ಅಂತ ಎದ್ದು ಗೇಟು ತೆಗೀತಾಳೆ. ಇಳಿದದ್ದು ನಾನು ಅಂತ ಕಂಡ ಮೇಲೂ ಒಂದು ಗಳಿಗೆ ನನ್ನ ಬೆನ್ನ ಹಿಂದೆ ನೋಡ್ತಾಳೆ. ಆ ನೋಟಕ್ಕೆ ಹೆದರಿ ಕಾರನ್ನೇ ಮಾರಿಬಿಡೋಣ ಅಂತ ಎಷ್ಟೋ ಸಲ ಅಂದ್ಕೊಂಡಿದ್ದೆ.

ಇವತ್ತು ಗೇಟು ನಾನೇ ತೆಗೆದೆ. ಜಗಲಿ ಮೇಲೆ ಕೂತಿದ್ದ ಅವ್ವ ಏಳಲೇ ಇಲ್ಲ.

"ನಾನು ಕಣವ್ವ, ಹೇಮ" ಅಂದೆ.

"ಗೊತ್ತು ಕಣ್ ಮಗ. ಅವರಿನ್ನೂ ಬರ್ನಿಲ್ವಲ್ಲ" ಅಂದ್ಲು.

ಊಟಕ್ಕೆ ಕರೆದೆ, ಬರಲಿಲ್ಲ. ಇನ್ನೂ ಅಲ್ಲೇ ಕೂತವ್ಳೆ. ಹೊರಗಿನ ದೀಪ ಆರಿಸೋಕೂ ಬುಡ್ತಿಲ್ಲ.