ಕತ್ತಲೆಯ ಓದು

ಫೆಬ್ರವರಿ ೨೨, ಭಾನುವಾರ ಬೆಳಿಗ್ಗೆ

ಪುಟ್ಟಿ,

'ಪ್ರೀತಿಯ' ಎಂದು ಬರೆದೆ, ಹೊಡೆದುಹಾಕಿದೆ, ಆ ಹಾಳೆ ಹರಿದು ಹೊಸದು ತೆಗೆದುಕೊಂಡೆ. ನಿನ್ನ ಪತ್ರ ಬಂದು ಇಪ್ಪತ್ತು ದಿನವಾಯಿತು. ಉತ್ತರ ತಡವಾದದ್ದಕ್ಕೆ ಕ್ಷಮಿಸು ಎಂದು ಬರೆಯುವುದು ವಾಡಿಕೆ, ನಾನು ಬರೆಯುವುದಿಲ್ಲ. ಮೊದಲ ವಾರವೇ ಬರೆದಿದ್ದರೆ ನಿನ್ನ ಕೈಲಿ ಓದಲು ಆಗುತ್ತಿರಲಿಲ್ಲ. ಈಗ ತಣ್ಣಗಾಗಿದ್ದೇನೆ ಅಂದುಕೊಂಡು ನಿನ್ನ ಪತ್ರ ಇನ್ನೊಮ್ಮೆ ಬಿಚ್ಚಿದೆ. ಮತ್ತೆ ಮೈಯೆಲ್ಲ ಉರಿಯಿತು.

ನೀನೂ ನಿನ್ನ ಯಜಮಾನರೂ ಆರೋಗ್ಯವೇ? ಕೇಳಬೇಕು, ಕೇಳಿದೆ.

ಏನು ನಯವಾಗಿ ಬರೆಯುತ್ತೀಯೇ! "ಅಕ್ಕಾ, ಪ್ರಯೋಗದ ವರದಿಯ ಕೊನೇ ಪುಟದಲ್ಲಿ ನಿನ್ನದೊಂದು ಸಹಿ ಬೇಕು, ಅಷ್ಟೆ. ಇನ್ನೂರು ಯಂತ್ರ ಪೆಟ್ಟಿಗೇಲಿ ಕೂತಿವೆ. ಆ ಸಣ್ಣ ದೋಷ ನಾನೇ ಸರಿಮಾಡಿದ್ದೀನಿ. ಅದನ್ನ ವರದಿಗೆ ಎಳೆದು ತರೋದು ಬೇಡ." ಸಣ್ಣ ದೋಷವಂತೆ. ನನ್ನ ಮೊಮ್ಮಗನನ್ನು ನೀನು ಹೀಗೂ ಕರೆಯಬಲ್ಲೆ ಎಂದು ನನಗೆ ಗೊತ್ತಿರಲಿಲ್ಲ.

ಏಳು ವರ್ಷ ಒಂದೇ ಮೇಜಿನ ಎರಡು ತುದಿಯಲ್ಲಿ ಕೂತವರು ನಾವು. ಗಾಜು, ಬಣ್ಣ ಬಿಡಿಸುವ ಜಾಲರಿ, ಬೆಳಕು ನಿನ್ನದು. ಆ ಬೆಳಕನ್ನು ಓದಿ ಅಂಕಿ ಮಾಡಿಕೊಡುವ ಬೋರ್ಡ್ ನನ್ನದು. ಹುಟ್ಟಿದ ಮಗುವಿನ ಹಣೆಗೆ ಹಿಡಿದರೆ ಸಾಕು, ಚರ್ಮದಿಂದ ವಾಪಸು ಬಂದ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿ, ಕಾಮಾಲೆ ಎಷ್ಟಿದೆ ಎಂದು ಹೇಳುವ ಅಂಗೈಯಗಲದ ಸ್ಪೆಕ್ಟ್ರೋಮೀಟರ್. ಎಳೆ ಕೂಸಿನ ಹಿಮ್ಮಡಿಗೆ ಸೂಜಿ ಚುಚ್ಚುವುದು ತಪ್ಪಬೇಕು ಅಂತಲ್ಲವೇ ಶುರುಮಾಡಿದ್ದು? ಕರೆಂಟು ಇಲ್ಲದ ಆಸ್ಪತ್ರೆಯಲ್ಲೂ ನಡೆಯಬೇಕೆಂದು ಒಂದೊಂದು ಹನಿ ಬ್ಯಾಟರಿಗೂ ಜಿಪುಣತನ ಮಾಡಿದೆ. ಕೆಲಸವಿಲ್ಲದಾಗ ಬೋರ್ಡ್ ಪೂರಾ ಮಲಗುತ್ತದೆ, ಗುಂಡಿ ಒತ್ತಿದರೆ ಏಳುತ್ತದೆ, ಓದುತ್ತದೆ, ಮತ್ತೆ ಮಲಗುತ್ತದೆ. ಯಾವ ಸೆನ್ಸರ್ ಸಿಕ್ಕಿಸಿದರೂ ಅದಕ್ಕೆ ಒಗ್ಗಿಕೊಳ್ಳಲಿ ಎಂದು ಪ್ರತಿಯೊಂದು ಆಯ್ಕೆಯನ್ನೂ ಒಂದು ಪಟ್ಟಿಯಲ್ಲಿ ಇಟ್ಟೆ. ಒಂದು ಸಾಲು ತಿದ್ದಿದರೆ ಬೋರ್ಡಿನ ನಡತೆಯೇ ಬದಲು. "ನಮ್ಮಕ್ಕನ ಬೋರ್ಡು ಹೇಳಿದ ಮಾತು ಕೇಳುತ್ತೆ, ನಮ್ಮಕ್ಕನ ಥರ ಅಲ್ಲ" ಎಂದು ಬಂದವರ ಮುಂದೆಲ್ಲ ನಗಿಸುತ್ತಿದ್ದೆಯಲ್ಲ.

ಹೇಳಿದ ಮಾತು ಕೇಳಿತು ನೋಡು.

ಕತ್ತಲೆಯ ಓದು ಯಾಕೆ ಬೇಕೆಂದು ನಿನಗೆ ನಾನು ಪಾಠ ಹೇಳಬೇಕಿಲ್ಲ. ಆದರೂ ಹೇಳುತ್ತೇನೆ, ಯಾಕೆಂದರೆ ನೀನು ಮರೆತೆ. ದೀಪ ಹಚ್ಚದಿದ್ದರೂ ಸೆನ್ಸರ್ ಏನೋ ಒಂದು ಅಂಕಿ ಗೊಣಗುತ್ತಲೇ ಇರುತ್ತದೆ. ಸೆಕೆ ಏರಿದಷ್ಟೂ ಆ ಗೊಣಗಾಟ ಹೆಚ್ಚು. ಅದೂ ಬೆಳಕಿನ ಲೆಕ್ಕಕ್ಕೆ ಸೇರಿಹೋದರೆ ಕಾಮಾಲೆ ಇದ್ದದ್ದಕ್ಕಿಂತ ಕಡಿಮೆ ಕಾಣುತ್ತದೆ. ಅದಕ್ಕೇ ಪ್ರತಿ ಸಲವೂ ಮೊದಲು ಕತ್ತಲಲ್ಲಿ ಒಮ್ಮೆ ಓದಿ, ಆಮೇಲೆ ಬೆಳಕಿನಲ್ಲಿ ಓದಿ, ಇದರಲ್ಲಿ ಅದನ್ನು ಕಳೆಯಬೇಕು. ಹಾಗೆ ಮಾಡಿದರೆ ಬೋರ್ಡ್ ಎರಡರಷ್ಟು ಹೊತ್ತು ಎಚ್ಚರವಿರಬೇಕು, ಬ್ಯಾಟರಿ ಬೇಗ ಮುಗಿಯುತ್ತದೆ. ಮಗಳ ಹೆರಿಗೆಗೆಂದು ನಾನು ರಜೆ ಹಾಕಿದ ವಾರವೇ ದೊಡ್ಡ ಸಾಹೇಬರು ಯಂತ್ರ ನೋಡಲು ಬಂದರು, "ಬ್ಯಾಟರಿ ಇಷ್ಟೇ ದಿನಾನಾ?" ಅಂದರು. ನೀನು ಪಟ್ಟಿ ತೆರೆದೆ. ಕತ್ತಲೆಯ ಓದಿನ ಎದುರು ಒಂದು ಇದ್ದಲ್ಲಿ ಸೊನ್ನೆ ಮಾಡಿದೆ. ಎಸಿ ಹಾಕಿದ ನಮ್ಮ ತಣ್ಣನೆ ಕೋಣೆಯಲ್ಲಿ ಎಂದೋ ಅಳೆದಿಟ್ಟ ಹಳೇ ಕತ್ತಲೆಯನ್ನೇ ಪ್ರತಿ ಸಲ ಕಳೆಯುವಂತೆ ಮಾಡಿದೆ. ಸಾಹೇಬರು ಬೆನ್ನು ತಟ್ಟಿದರು. ಸೊನ್ನೆಯನ್ನು ವಾಪಸು ಒಂದು ಮಾಡುವುದು ನಿನಗೆ ಮರೆತುಹೋಯಿತು. ಯಂತ್ರ ಹಾಗೇ ನನ್ನ ಮಗಳಿದ್ದ ಬಾಣಂತಿಯರ ವಾರ್ಡಿಗೆ ಪ್ರಯೋಗಕ್ಕೆ ಹೋಯಿತು.

ಆ ವಾರ್ಡು ಹೇಗಿರುತ್ತದೆ ಗೊತ್ತೇನೇ? ಕೂಸುಗಳಿಗೆ ಚಳಿಯಾಗದಿರಲಿ ಎಂದು ಕಿಟಕಿಯೆಲ್ಲ ಮುಚ್ಚಿ, ಕಾವಿಟ್ಟು, ನಿಂತಲ್ಲೇ ಬೆವರಿಳಿಯುವಷ್ಟು ಸೆಕೆ. ಹುಟ್ಟಿದ ಮೂರನೇ ದಿನ ನಮ್ಮ ಗುಂಡನ ಹಣೆಗೆ ನಾನೇ ಯಂತ್ರ ಹಿಡಿದೆ. ಎಂಟು ಎಂದು ತೋರಿಸಿತು. ಚಿಂತೆಗೆ ಕಾರಣವಿಲ್ಲ. ಐದನೇ ದಿನ ಮಗು ಹಾಲು ಬಿಟ್ಟಿತು, ಬೆನ್ನು ಬಿಲ್ಲಿನ ಹಾಗೆ ಬಗ್ಗಿಸಿ ಚೀರತೊಡಗಿತು. ರಕ್ತ ನೋಡಿದರೆ ಇಪ್ಪತ್ತೊಂಬತ್ತು. ಆಮೇಲೆ ನೀಲಿ ದೀಪ, ಮೈಯ ರಕ್ತವನ್ನೇ ಬದಲಿಸುವುದು, ಎಲ್ಲ ನಡೆಯಿತು. ನೀನು ಬಂದು ಗಾಜಿನ ಆಚೆಯಿಂದ ನೋಡಿ ಅತ್ತು ಹೋದೆ. ನಿನ್ನ ಅಳು ಸುಳ್ಳೆಂದು ನಾನು ಹೇಳುವುದಿಲ್ಲ.

ತಿಂಗಳಾದ ಮೇಲೆ ಕೆಲಸಕ್ಕೆ ಬಂದು, ಅದೇ ಯಂತ್ರವನ್ನು ಪರೀಕ್ಷೆಯ ಹಳದಿ ಪಟ್ಟಿಗೆ ಹಿಡಿದೆ. ಸರಿಯಾಗಿಯೇ ಓದಿತು. ಬೆಸುಗೆಯಣ್ಣ ಪಕ್ಕದಲ್ಲಿದ್ದರು. ಇಷ್ಟು ವರ್ಷದಲ್ಲಿ ನನ್ನ ಬೋರ್ಡುಗಳಿಗೆಲ್ಲ ಬೆಸುಗೆ ಹಾಕಿಕೊಟ್ಟ ಮನುಷ್ಯ, ಹೆಚ್ಚು ಮಾತಿಲ್ಲ. "ವಾರ್ಡು ಇಷ್ಟು ತಣ್ಣಗಿರುತ್ತಾ ಮೇಡಂ?" ಅಂದರು. ಎಸಿ ಆರಿಸಿ, ಮೇಜಿನ ಮೇಲೆ ಹೀಟರ್ ಇಟ್ಟೆವು. ಪಟ್ಟಿ ಅದೇ, ಹಳದಿ ಅದೇ, ಸೆಕೆ ಏರಿದ ಹಾಗೆ ಅಂಕಿ ಇಳಿಯುತ್ತಾ ಹೋಯಿತು. ಬೆಸುಗೆಯಣ್ಣ ಹೀಟರ್ ಆರಿಸಿ ಹೊರಗೆ ಹೋಗಿಬಿಟ್ಟರು. ನಾನು ಆಯ್ಕೆಗಳ ಪಟ್ಟಿ ತೆರೆದೆ. ಸೊನ್ನೆ ಇತ್ತು, ಪಕ್ಕದಲ್ಲಿ ತಾರೀಕು, ನಿನ್ನ ಗುರುತು.

ಅವತ್ತು ನಾನು ಕೇಳಿದ್ದಕ್ಕೆ ನೀನು ಏನಂದೆ, ನೆನಪಿದೆಯಾ? "ಅಷ್ಟು ಮುಖ್ಯವಾದದ್ದನ್ನ ಒಂದು ಸಾಲಲ್ಲಿ ಬದಲಾಯಿಸೋ ಹಾಗೆ ಇಟ್ಟಿದ್ದು ಯಾರಕ್ಕಾ?" ಅಂದೆ. ಐದು ತಿಂಗಳಿಂದ ಆ ಮಾತು ಎದೆಯಲ್ಲಿ ಮುಳ್ಳಾಗಿ ಕೂತಿದೆ. ಯಾಕೆಂದರೆ ಅದು ನಿಜ. ನಿಜವನ್ನು ಹೇಳಲು ನಿನಗೆ ಸಿಕ್ಕ ಹೊತ್ತು ಅದೇನಾ?

ಈಗ ಪತ್ರದ ಕೊನೆಗೆ ಬರೆದಿದ್ದೀಯ, "ಹೇಗೂ ಗುಂಡ ಈಗ ಗುಂಡುಕಲ್ಲಿನ ಹಾಗಿದ್ದಾನಲ್ಲ." ಇದ್ದಾನೆ. ತೂಕ ಬಂದಿದೆ, ಮುಖ ನೋಡಿದರೆ ನಗುತ್ತಾನೆ. ಹೋದ ಮಂಗಳವಾರ ಕಿವಿಯ ಡಾಕ್ಟರ ಹತ್ತಿರ ಹೋಗಿದ್ದೆವು. ತಲೆಗೆ ತಂತಿಗಳನ್ನು ಅಂಟಿಸಿ, ಶಬ್ದ ಕೊಟ್ಟು ಕೊಟ್ಟು, ಒಂದು ಗಂಟೆ ನೋಡಿದರು. ಕಾಮಾಲೆ ನರಕ್ಕೆ ಇಳಿದು ಎರಡೂ ಕಿವಿ ಕೇಳುವುದಿಲ್ಲ. ಮಗಳು ಡಾಕ್ಟರಿಗೆ, "ಜೋರಾಗಿ ಮಾತಾಡಿದರೆ?" ಅಂದಳು. ಮನೆಗೆ ಬಂದಾಗಿನಿಂದ ಅವಳು ಮಗುವಿನ ಹತ್ತಿರ ಪಿಸುಮಾತಿನಲ್ಲೇ ಮಾತಾಡುತ್ತಿದ್ದಾಳೆ.

ಸಹಿ ಹಾಕುವುದಿಲ್ಲ. ನೀನು ಸೊನ್ನೆಯನ್ನು ಒಂದು ಮಾಡಿದ ಮಾತ್ರಕ್ಕೆ ಅದು ಸರಿಯಾಗುವುದಿಲ್ಲ. ಇನ್ನೊಬ್ಬ ಸಾಹೇಬರು ಬರುತ್ತಾರೆ, ಇನ್ನೊಬ್ಬಳು ನಿನ್ನಂಥವಳು ಪಟ್ಟಿ ತೆರೆಯುತ್ತಾಳೆ. ಕತ್ತಲೆಯ ಓದನ್ನು ಪಟ್ಟಿಯಿಂದ ತೆಗೆದು, ಯಾರ ಕೈಗೂ ಸಿಗದಂತೆ ಬೋರ್ಡಿನ ತಂತಿಯಲ್ಲೇ ಬಿಗಿಯುತ್ತೇನೆ. ಬ್ಯಾಟರಿ ಅರ್ಧಕ್ಕಿಳಿದರೆ ಇಳಿಯಲಿ. ಇನ್ನೂರು ಯಂತ್ರಗಳನ್ನೂ ಬಿಚ್ಚಬೇಕು. ಮತ್ತು ವರದಿಯ ಮೊದಲ ಪುಟದಲ್ಲೇ ಗುಂಡನ ಸಂಗತಿ ಬರಬೇಕು, ಯಂತ್ರ ತೋರಿಸಿದ್ದು ಇಷ್ಟು, ರಕ್ತದಲ್ಲಿ ಇದ್ದದ್ದು ಇಷ್ಟು, ಪಟ್ಟಿ ತಿದ್ದಿದವರು ಇಂಥವರು, ಹಾಗೆ ತಿದ್ದಲು ಬಿಟ್ಟವರು ಇಂಥವರು ಎಂದು. ನಿನ್ನ ಕೆಲಸ ಹೋಗಬಹುದು. ನನ್ನದೂ ಹೋಗಬಹುದು. ಹೋಗಲಿ.

ನಿನಗೆ ಕೆಟ್ಟದ್ದಾಗಲಿ ಎಂದು ಬರೆಯಲು ಎರಡು ಸಲ ಪೆನ್ನು ಹಿಡಿದೆ, ಕೈ ಬರಲಿಲ್ಲ. ನಿನ್ನನ್ನು ಸೊಂಟದ ಮೇಲೆ ಹೊತ್ತು ತಿರುಗಿದವಳು ನಾನು. ಚೆನ್ನಾಗಿರು, ಆದರೆ ನನ್ನ ಕಣ್ಣಿಗೆ ಸದ್ಯಕ್ಕೆ ಬೀಳಬೇಡ.

ನಿನ್ನ ಅಕ್ಕ

ಮರೆತ ಮಾತು: ನಿನ್ನ ಪತ್ರದ ಒಂದು ಸಾಲಿಗೆ ಮೇಲೆ ಉತ್ತರ ಕೊಟ್ಟಿಲ್ಲ. ಮರೆತು ಅಲ್ಲ. "ಪ್ರಯೋಗದ ಹೊತ್ತಲ್ಲಿ ಯಂತ್ರದ ಜೊತೆಗೆ ರಕ್ತಾನೂ ನೋಡಲೇಬೇಕಿತ್ತು, ನೋಡದೇ ಬಿಟ್ಟ ನರ್ಸ್‌ದೇ ತಪ್ಪು" ಎಂದು ಬರೆದಿದ್ದೀಯ. ಆ ಹುಡುಗಿ ಬಂದಿದ್ದಳು ಪುಟ್ಟಿ. ಮೂರನೇ ದಿನ, ಸೂಜಿ, ಹತ್ತಿ ಎಲ್ಲ ತಟ್ಟೆಯಲ್ಲಿಟ್ಟುಕೊಂಡು ಬಂದಿದ್ದಳು. ಮಗಳು ನಿದ್ದೆಯಲ್ಲಿದ್ದಳು. "ಮಗೂನ ಯಾಕೆ ಚುಚ್ಚುತ್ತೀಯಮ್ಮ, ಆ ಬೋರ್ಡ್ ಮಾಡಿದವಳೇ ನಾನು" ಎಂದು ನಾನೇ ವಾಪಸು ಕಳಿಸಿದೆ. ಅವಳು ಎರಡನೇ ಸಲವೂ ಕೇಳಿದಳು. ನಾನು ಗದರಿದೆ. ಮಗಳು ಅವಳ ಮೇಲೆ ದೂರು ಕೊಟ್ಟಾಗ, "ಅಜ್ಜಿಯೇ ಬೇಡ ಅಂದರು" ಎಂದು ಅವಳು ಹೇಳಿದಳಂತೆ. ವಿಚಾರಣೆಯವರು ನನ್ನನ್ನು ಕೇಳಿದರು. ನೆನಪಿಲ್ಲ ಅಂದೆ. ಅವಳನ್ನು ಕೆಲಸದಿಂದ ತೆಗೆದಿದ್ದಾರೆ. ನಾಳೆ ಹೋಗಿ ಅವರಿಗೆ ನಿಜ ಹೇಳಬೇಕು, ಅದಕ್ಕೂ ಮೊದಲು, ಇವತ್ತೇ, ಮಗಳಿಗೆ ಹೇಳಬೇಕು. ನಾಲಿಗೆ ಏಳುತ್ತಿಲ್ಲ. ಮೊದಲು ಒಬ್ಬರಿಗಾದರೂ ಹೇಳಿ ನೋಡೋಣ ಅನ್ನಿಸಿತು. ಯಾರಿಗೆ ಎಂದು ಇಡೀ ವಾರ ಯೋಚಿಸಿದೆ. ನಿನ್ನನ್ನು ಬಿಟ್ಟರೆ ನನಗೆ ಯಾರೂ ಇಲ್ಲ.