ಹಸಿರು ಬಳೆ ಕೇಳಿದ ದೆವ್ವ

ಜಾವಗಲ್
22-9-2002, ಭಾನುವಾರ

ಪ್ರೀತಿಯ ಹನುಮಿಗೆ,

ನಾವೆಲ್ಲ ಚೆನ್ನಾಗಿದ್ದೇವೆ. ಬೇಲೂರಿನಲ್ಲಿ ನೀನು, ನಿಮ್ಮ ಯಜಮಾನರು, ಹೊಸ ಸೊಸೆ ಎಲ್ಲರೂ ಸುಖವಾಗಿದ್ದೀರೆಂದು ನಂಬಿದ್ದೇನೆ. ಯುಗಾದಿಗೆ ನೀನು ಬರೆದ ಕಾಗದಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ, ಎಷ್ಟು ಬೇಕೋ ಅಷ್ಟು ಬೈದುಕೋ. ಶಾಲೆಯಲ್ಲಿ ಕೆಲಸ ಜಾಸ್ತಿ ಎನ್ನಬಹುದಿತ್ತು. ಆದರೆ ನಾವಿಬ್ಬರೂ ಸೇರಿ ಹೇಳಿದ ಒಂದು ಸುಳ್ಳೇ ಸಾಕಾಗಿದೆ, ಇನ್ನೊಂದು ಬೇಡ. ಫೋನು ಮಾಡೋಣವೆಂದು ಎರಡು ಸಲ ಬೂತಿನ ತನಕ ಹೋಗಿ ವಾಪಸು ಬಂದೆ. ಹಿಂದೆ ನಾಲ್ಕು ಜನ ನಿಂತಿರುವಾಗ ಹೇಳುವ ಮಾತಲ್ಲ ಇದು.

ಹೋದ ಭಾನುವಾರ ಮಗಳು ಆಶಾರಾಣಿ ನನ್ನನ್ನು ಅರಸೀಕೆರೆಗೆ ಮ್ಯಾಟಿನಿಗೆ ಎಳೆದುಕೊಂಡು ಹೋದಳು. "ದೆವ್ವದ ಕಾಮಿಡಿ ಕಣಮ್ಮ, ಹೀರೋನೇ ಇಲ್ಲ, ಬರೀ ಲೇಡೀಸೇ" ಅಂದಳು. ಕೂತು ಹತ್ತು ನಿಮಿಷಕ್ಕೆ ನನಗೆ ಗೊತ್ತಾಯಿತು ಹನುಮಿ, ಇದು ನಾವು ಟೆಂಟಿನಲ್ಲಿ ನೆಲದ ಮೇಲೆ ಕೂತು ನೋಡಿದ ಅದೇ ಕಥೆ. ಅದರಲ್ಲಿ ದೆವ್ವ ಹಿಡಿಯುವವರು ಮೂವರು ಗಂಡಸರಿದ್ದರಲ್ಲ, ಈಗ ಅವರ ಜಾಗದಲ್ಲಿ ಮೂವರು ಹೆಂಗಸರು. ಒಬ್ಬಳು ಟೈಪಿಂಗ್ ಹೇಳಿಕೊಡುವವಳು, ಒಬ್ಬಳು ಆಟೋ ಓಡಿಸುವವಳು, ಇನ್ನೊಬ್ಬಳು ಮದುವೆಮನೆಗೆ ಅಡುಗೆ ಮಾಡುವವಳು. ಅಡುಗೆಯವಳಂತೂ ಬಾಯಿ ತೆಗೆದರೆ ಸಾಕು, ನಕ್ಕು ನಕ್ಕು ಹೊಟ್ಟೆ ಹಿಡಿದುಕೊಳ್ಳಬೇಕು. ಹಿಂದಿನ ಸೀಟಿನ ಒಬ್ಬ ಗಂಡಸು ಮಾತ್ರ "ಇವ್ರು ದೆವ್ವ ಹಿಡಿದ್ರೆ ಮನೇಲಿ ಮುದ್ದೆ ತೊಳಸೋರ್ಯಾರ್ಲಾ" ಅಂತ ಗೊಣಗುತ್ತಲೇ ಇದ್ದ. ನಾನು ತಿರುಗಿ ನೋಡಿದ ಮೇಲೆ ಸುಮ್ಮನಾದ, ಮೇಷ್ಟ್ರಮ್ಮನ ಕಣ್ಣು ಎಲ್ಲಿ ಹೋದರೂ ಕೆಲಸ ಮಾಡುತ್ತದೆ.

ಹಳೆಯದರಲ್ಲಿ ಗಂಡಸರು ದೆವ್ವವನ್ನು ಪೊರಕೆಯಲ್ಲಿ ಬಾರಿಸುತ್ತಿದ್ದರು. ಇದರಲ್ಲಿ ಅಡುಗೆಯವಳು ದೆವ್ವದ ಮುಂದೆ ಎಲೆ ಹಾಕಿ, "ಉಂಡ್ಯೇನವ್ವಾ? ನಿಂಗೇನು ಬೇಕು?" ಅಂತ ಕೇಳುತ್ತಾಳೆ. ದೆವ್ವ ಮೂಗಿನಲ್ಲಿ ಹೇಳುತ್ತದೆ, "ನನ್ನ ಹಸಿರು ಬಳೆ ಕೊಡಿ." ಎಲ್ಲಾ ಬದಲಾಯಿಸಿದ್ದಾರೆ, ಆ ಒಂದು ಮಾತು ಮಾತ್ರ ಇದ್ದ ಹಾಗೇ ಇಟ್ಟಿದ್ದಾರೆ. ಥಿಯೇಟರಿಗೆ ಥಿಯೇಟರೇ ನಕ್ಕಿತು. ನಾನು ಅಳುತ್ತಿದ್ದೇನೆಂದು ಆಶಾ ಹೇಳಿದ ಮೇಲೇ ಗೊತ್ತಾದದ್ದು. "ಕಾಮಿಡಿ ಪಿಕ್ಚರ್‌ಗೆ ಯಾರಾದ್ರೂ ಅಳ್ತಾರೇನಮ್ಮಾ?" ಅಂದಳು. ಕಣ್ಣಿಗೇನೋ ಬಿತ್ತು ಅಂದೆ.

ನಿನಗೆ ಎಲ್ಲಾ ನೆನಪಿರುತ್ತದೆ, ಆದರೂ ಬರೆಯುತ್ತೇನೆ. ನಮಗೆ ಹದಿನಾಲ್ಕು. ಮನೆಯಲ್ಲಿ ಹೇಳದೆ ಮೊದಲನೇ ಆಟಕ್ಕೆ ಹೋಗಿ ಬರುವಾಗ ಕೆರೆ ಏರಿಯ ಮೇಲೆ ನಿಮ್ಮಪ್ಪ ಚನ್ನಪ್ಪನವರೇ ಎದುರಾದರು. ಸಿನಿಮಾಕ್ಕೆ ಹೋಗಿದ್ದೆವೆಂದು ಗೊತ್ತಾದರೆ ಇಬ್ಬರಿಗೂ ಶಾಲೆ ಬಿಡಿಸುತ್ತಿದ್ದರು. ನಾನು ಹೆದರಿ, "ಹುಣಸೆಮರದ ತಾವ ಹನುಮಿಗೆ ಏನೋ ಸೋಕ್ತು ಮಾವ" ಅಂದುಬಿಟ್ಟೆ. ನೀನು ತಕ್ಷಣ ಸಿನಿಮಾದ ದೆವ್ವದ ಹಾಗೆ ಕಣ್ಣು ಮೇಲೆ ಮಾಡಿ ಕೆಳಗೆ ಬಿದ್ದೆ. ಎಷ್ಟು ಚೆನ್ನಾಗಿ ಮಾಡಿದೆ ಎಂದರೆ ನನಗೇ ಭಯವಾಯಿತು.

ಮೂರನೇ ದಿನ ಮಂತ್ರವಾದಿ ಬಂದ. ಬೇವಿನ ಬರಲಲ್ಲಿ ಬಾರಿಸುತ್ತಾ, "ಯಾರು ನೀನು? ಹೆಸರು ಹೇಳು" ಅಂತ ಕೇಳುತ್ತಲೇ ಇದ್ದ. ಸತ್ತವರ ಹೆಸರು ಬಾಯಿಂದ ಬರುವ ತನಕ ಅವರು ಏಟು ನಿಲ್ಲಿಸುವುದಿಲ್ಲ. ನಿನಗೆ ಯಾವ ಹೆಸರು ಹೇಳಬೇಕೋ ಗೊತ್ತಿಲ್ಲ. ಜನರ ಮಧ್ಯೆ ನನ್ನ ಮುಖ ಹುಡುಕಿದೆ. ನಿಜ ಹೇಳಲು ಒಂದೇ ನಿಮಿಷ ಸಾಕಿತ್ತು. ನಾನು "ಮುತ್ತಮ್ಮ" ಅಂತ ಕೂಗಿದೆ. ಗಂಡನ ಮನೆಯಿಂದ ತವರಿಗೆ ಬಂದಿದ್ದು, ಹದಿನೈದು ದಿನದ ಹಿಂದೆ ಕೆರೆಯಲ್ಲಿ ಮುಳುಗಿ ಹೋಗಿದ್ದ, ಮುನಿಯಮ್ಮನ ಮಗಳು ಮುತ್ತಮ್ಮ.

ನೀನು ಹೌದೆಂದೆ. ಏನು ಬೇಕು ಅಂದಾಗ ಸಿನಿಮಾದಲ್ಲಿ ಕೇಳಿದ್ದನ್ನೇ ಹೇಳಿದೆ, ಹಸಿರು ಬಳೆ. ಮುನಿಯಮ್ಮ ಚೀರಿದ್ದು ನನ್ನ ಕಿವಿಯಲ್ಲಿ ಇವತ್ತಿಗೂ ಇದೆ. ನೀರಿನಿಂದ ತೆಗೆದಾಗ ಮುತ್ತಮ್ಮನ ಎರಡೂ ಕೈ ಬರಿದಾಗಿದ್ದವು, ಅದು ಮೈ ತೊಳೆದ ಹೆಂಗಸರಿಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಆಮೇಲೆ ನಿನ್ನ ನೆತ್ತಿಯ ಕೂದಲು ಗಂಟು ಕಟ್ಟಿ, ದೆವ್ವ ಅಲ್ಲೇ ಉಳಿಯಲೆಂದು ಅದನ್ನು ಹುಣಸೆಮರಕ್ಕೆ ಮೊಳೆ ಹೊಡೆದು, ತಲೆ ಕಿತ್ತುಕೊಂಡು ಬಾ ಅಂದರು. ಅಲ್ಲಿ ಮತ್ತೆ ಕೂದಲು ಬರದ ಜಾಗ ಮುಚ್ಚಲು ನೀನು ಬೈತಲೆ ವಾರೆಯಾಗಿ ತೆಗೆಯುವುದನ್ನು ನೋಡಿದಾಗಲೆಲ್ಲ ನಾನು ಬೇರೆ ಕಡೆ ನೋಡುತ್ತೇನೆ. ನೀನು ಮಾತ್ರ ಒಂದು ದಿನವೂ ನನ್ನ ಹೆಸರು ಎತ್ತಲಿಲ್ಲ.

ಅವತ್ತಿನಿಂದ ಪ್ರತಿ ಮಹಾಲಯ ಅಮಾವಾಸ್ಯೆಗೆ ಮುನಿಯಮ್ಮಜ್ಜಿ ಆ ಮರದ ಬುಡದಲ್ಲಿ ಒಂದು ಡಜನ್ ಹಸಿರು ಬಳೆ ಇಡುತ್ತಾ ಬಂದಿದ್ದಾಳೆ. ಈಗ ಹಾಸಿಗೆ ಹಿಡಿದಿದ್ದಾಳೆ. ಸಿನಿಮಾ ನೋಡಿದ ಮಾರನೇ ದಿನ ಹೋಗಿ ಪಕ್ಕದಲ್ಲಿ ಕೂತು ಹೇಳಿಯೇಬಿಟ್ಟೆ. "ಅಜ್ಜೀ, ಅವತ್ತು ಹನುಮಿ ಮೈಮೇಲೆ ಯಾರೂ ಬಂದಿರಲಿಲ್ಲ, ಅದು ಸಿನಿಮಾದ ಮಾತು."

ಅಜ್ಜಿ ನನ್ನ ಕಡೆ ಹೊರಳಿದಳು. "ಹಂಗಾರೆ ಸಿನಿಮಾದೋರ್ಗೆ ಯಾರವ್ವಾ ಹೇಳಿದ್ದು, ನನ್ನ ಮಗಳ ಬಳೆ ಹೋಗಿರೋ ಸುದ್ದಿಯ?" ಅಂದಳು.

ಅವಳೇ ಮುಂದುವರಿಸಿದಳು. "ಗಂಡನ ಮನೆಗೆ ಹೋಗು ಅಂತ ಅವತ್ತು ಬೆಳಿಗ್ಗೆ ನಾನೇ ಬೈದಿದ್ದೆ ಕಣವ್ವಾ. ಕಾಲು ಜಾರಿ ಬಿದ್ಲೋ, ಬೇಕಂತ ಬಿದ್ಲೋ, ಹನುಮಿ ಬಂದ್ರೆ ಅದೊಂದು ಕೇಳ್ಬೇಕು. ಬಳೆ ಬೇಕು ಅಂದೋಳು ಬೇಕಂತ ಬಿದ್ದಿರಾಕಿಲ್ಲ, ಅಲ್ವಾ?" ನನ್ನ ಕೈ ಹಿಡಿದು ಕೇಳಿದಳು. ಹೌದಜ್ಜಿ ಎನ್ನಲೂ ಆಗಲಿಲ್ಲ, ಅಲ್ಲ ಎನ್ನಲೂ ಆಗಲಿಲ್ಲ.

ಇನ್ನು ಎರಡು ವಾರಕ್ಕೆ ಅಮಾವಾಸ್ಯೆ. ಅಲ್ಲಿಯ ತನಕ ಅಜ್ಜಿ ಇರುತ್ತಾಳೆ ಎನ್ನುತ್ತಾರೆ. ಹಳೇಬೀಡಿನ ಮೇಲೆ ಬರುವ ಬಸ್ಸು ಹತ್ತಿ ಬಾ. ಬಂದು ಏನು ಹೇಳಬೇಕೆಂದು ನಾನು ಕಲಿಸಿಕೊಡುವುದಿಲ್ಲ, ಒಂದು ಸಲ ಕಲಿಸಿದ್ದು ಸಾಕು. ನಿನ್ನ ಸೊಸೆಗೆ ನನ್ನ ಆಶೀರ್ವಾದ ತಿಳಿಸು. ನೀನು ನೂರು ಕಾಲ ತಣ್ಣಗಿರು.

ನಿನ್ನ
ಲಲಿತೆ

ತಾ.ಕ.: ಕಾಗದ ಅಂಟಿಸಿದವಳು ಮತ್ತೆ ಬಿಚ್ಚಿದ್ದೇನೆ. ಆ ಹೊತ್ತಿನಲ್ಲಿ ಮುತ್ತಮ್ಮನ ಹೆಸರೇ ನನ್ನ ಬಾಯಿಗೆ ಯಾಕೆ ಬಂತೆಂದು ನೀನು ಒಂದು ಸಲವೂ ಕೇಳಲಿಲ್ಲ. ಅವಳು ಹೋದ ದಿನ ಕೆರೆಯ ಸೋಪಾನದಲ್ಲಿ ನಾನು ಬಟ್ಟೆ ಒಗೆಯುತ್ತಿದ್ದೆ. ಅವಳು ನನ್ನ ಸೋಪು ಇಸಿದುಕೊಂಡು ಕೈಗೆ ಹಚ್ಚಿ, ಬಳೆಗಳನ್ನು ಒಂದೊಂದಾಗಿ ಜಾರಿಸಿ ನನ್ನ ಮಡಿಲಿಗೆ ಹಾಕಿದಳು. "ನೀನಿಟ್ಕಳವ್ವಾ ಲಲ್ತಾ, ನಂಗಿನ್ಯಾಕೆ" ಅಂದಳು. ಗಂಡನಿರುವ ಹೆಂಗಸು ಹಸಿರು ಬಳೆ ಬಿಚ್ಚಿ ಕೊಟ್ಟರೆ ಅದರ ಅರ್ಥ ಏನೆಂದು ನಮ್ಮೂರಿನ ಯಾವ ಹುಡುಗಿಗೆ ಗೊತ್ತಿಲ್ಲ, ಹನುಮಿ? ನನಗೆ ಬಳೆಯ ಆಸೆ. ಎಲ್ಲಿ ವಾಪಸು ಕೇಳುತ್ತಾಳೋ ಎಂದು ತಿರುಗಿ ನೋಡದೆ ಮನೆಗೆ ಓಡಿದೆ. ಹನ್ನೆರಡೂ ನನ್ನ ಟ್ರಂಕಿನಲ್ಲಿವೆ. ಆಗ ಕೈಯಿಂದ ಜಾರಿ ಬೀಳುತ್ತಿದ್ದವು, ನಿನ್ನೆ ಹಾಕಿ ನೋಡಿದೆ, ಸರಿಯಾಗಿ ಕೂತವು. ಅಮಾವಾಸ್ಯೆಯ ದಿನ ಅಜ್ಜಿಯ ಕೈಗೆ ಕೊಡುತ್ತೇನೆ. ಅವತ್ತು ಆ ಜನರ ಮಧ್ಯೆ ನೀನು ನನ್ನ ಮುಖ ಹುಡುಕಿದೆಯಲ್ಲ, ಅವತ್ತಿನ ಹಾಗೆ ನಾನು ನಿನ್ನ ಮುಖ ಹುಡುಕುತ್ತೇನೆ. ನೀನು ಇರು.