ಯಾವ ಪಟ್ಟಿಗೂ ಸೇರದ ನನ್ನ ಅಣ್ಣ

ವಿಮಾ ಕಂಪನಿಯಲ್ಲಿ ಕೂತು ಆಸ್ಪತ್ರೆಗಳಿಗೆ ನಕ್ಷತ್ರ ಹಂಚುವ ಮಾನ್ಯರೇ,

ನೀವು ಕೊಟ್ಟ ಶ್ರೇಣಿಗೆ ಹೆದರಿ ನಮ್ಮ ಆಸ್ಪತ್ರೆ ನನ್ನ ಅಣ್ಣನನ್ನು ವಾಪಸು ಕಳಿಸಿತು. ಅವನು ಸತ್ತ. ಆ ಶ್ರೇಣಿಗೆ ಬೇಕಾದ ಅಂಕಿಗಳನ್ನು ಒದಗಿಸಿದವಳು ನಾನೇ.

ಓಹಾಯೋ ನದಿ ದಂಡೆಯ ಈ ಊರಿನಲ್ಲಿ ಹನ್ನೊಂದು ವರ್ಷ ಹೃದಯ ಶಸ್ತ್ರಚಿಕಿತ್ಸೆಯ ಫಲಿತಾಂಶ ದಾಖಲಿಸುವ ನರ್ಸ್ ಆಗಿದ್ದೆ. ಯಾರು ಬದುಕಿದರು, ಯಾರು ಸತ್ತರು, ಯಾರ ಮೂತ್ರಪಿಂಡ ಕೈಕೊಟ್ಟಿತು, ಎಲ್ಲವನ್ನೂ ಶಸ್ತ್ರವೈದ್ಯರ ಸಂಘಕ್ಕೆ ಕಳಿಸುತ್ತಿದ್ದೆ. ಕಳಿಸಲೇಬೇಕೆಂಬ ಕಾನೂನಿರಲಿಲ್ಲ; ತಪ್ಪುಗಳಿಂದ ಕಲಿಯಲೆಂದು ವೈದ್ಯರೇ ಒಪ್ಪಿ ಮಾಡಿಕೊಂಡ ಏರ್ಪಾಡದು. ಬೇರೆಯವರು ಕೈಬಿಟ್ಟ ರೋಗಿಗಳನ್ನೂ ಕೈಗೆತ್ತಿಕೊಳ್ಳುತ್ತಿದ್ದ ನಮ್ಮ ಡಾಕ್ಟರ್ ಹೆಸ್ಟರ್ ಸ್ಟ್ರೋಮ್ ಪ್ರತಿ ಸಾವಿನ ವರದಿಯನ್ನೂ ತಾವೇ ಓದುತ್ತಿದ್ದರು. "ಒಂದನ್ನೂ ಬಿಡ್ಬೇಡ ಡೆಲ್ಲಾ, ಬಿಟ್ರೆ ಕಲಿಯೋದು ಹೇಗೆ?" ಎನ್ನುತ್ತಿದ್ದರು.

ನೀವು ಆ ಅಂಕಿಗಳನ್ನು ಎತ್ತಿಕೊಂಡು ನಮಗೆ ಎರಡು ನಕ್ಷತ್ರ ದಯಪಾಲಿಸಿದಿರಿ. ಪಕ್ಕದ ಜಿಲ್ಲೆಯ ಆಸ್ಪತ್ರೆ ಏನನ್ನೂ ಕಳಿಸಿರಲಿಲ್ಲ. ಅದರ ಮುಂದೆ 'ಮಾಹಿತಿ ಇಲ್ಲ' ಎಂದಷ್ಟೇ ಬರೆದು ರೋಗಿಗಳನ್ನು ಅಲ್ಲಿಗೇ ಕಳಿಸಿದಿರಿ. ಬಾಯಿ ಮುಚ್ಚಿದವರಿಗೆ ಮರ್ಯಾದೆ, ನಿಜ ಹೇಳಿದವರಿಗೆ ಶಿಕ್ಷೆ. ರೋಗಿಯ ಸ್ಥಿತಿಯನ್ನೂ ತೂಗಿ ನೋಡಿದ್ದೇವೆ ಎನ್ನುತ್ತೀರಿ. ಮೂವತ್ತು ವರ್ಷ ದೋಣಿಗಳಿಗೆ ಬೆಸುಗೆ ಹಾಕಿದವನ ಶ್ವಾಸಕೋಶವನ್ನು ಯಾವ ತಕ್ಕಡಿಯಲ್ಲಿ ತೂಗಿದಿರಿ?

ಅಂಥ ಶ್ವಾಸಕೋಶ ನನ್ನ ಅಣ್ಣ ಲೆಲಂಡ್‌ನದು. ಮಾರ್ಚ್‌ನಲ್ಲಿ ಅವನ ಹೃದಯದ ಕವಾಟ ಕಿರಿದಾಗಿರುವುದು ಗೊತ್ತಾಯಿತು. ಅಷ್ಟರಲ್ಲಿ ಕಷ್ಟದ ರೋಗಿಗಳನ್ನು ಸೇರಿಸಿಕೊಳ್ಳಬೇಕೇ ಎಂದು ತೀರ್ಮಾನಿಸಲು ಆಡಳಿತದವರು ಸಮಿತಿಯೊಂದನ್ನು ಮಾಡಿದ್ದರು. ಸಮಿತಿ ಬೇಡವೆಂದಿತು. ಅದನ್ನು ತಿಳಿಸಲು ಸ್ಟ್ರೋಮ್ ಅವರೇ ಬಂದು ಅವನೆದುರು ಕೂತರು.

"ನನ್ನಿಂದ ನಿಮ್ಮ ಮಾರ್ಕ್ಸ್ ಕೆಡುತ್ತೆ ಅನ್ನಿ ಡಾಕ್ಟ್ರೇ," ಎಂದ ಅಣ್ಣ.

ಅವರು ನಗಲಿಲ್ಲ. "ಹೋದ ವರ್ಷ ಬಂದಿದ್ರೆ ನಾನೇ ಮಾಡ್ತಿದ್ದೆ, ಲೆಲಂಡ್."

"ಹೋದ ವರ್ಷ ನಾನು ಚೆನ್ನಾಗೇ ಇದ್ನಲ್ಲ."

ಕ್ಲೀವ್‌ಲ್ಯಾಂಡ್‌ನ ದೊಡ್ಡ ಆಸ್ಪತ್ರೆಯನ್ನು ಕೇಳಿದೆವು; ಐದು ವಾರ ಬಿಟ್ಟು ಬರಲು ಹೇಳಿದರು. ಹತ್ತೊಂಬತ್ತನೆಯ ದಿನ ಶುಕ್ರವಾರ. ಉಪವಾಸ ಕಾಲದ ಶುಕ್ರವಾರಗಳಲ್ಲಿ ಚರ್ಚಿನವರು ಹಾಕುವ ಮೀನೂಟಕ್ಕೆ ಕರೆದೊಯ್ಯಲು ಅವನ ಮನೆಗೆ ಹೋದೆ. ಅಣ್ಣ ಮಂಚದ ಪಕ್ಕ ಬಿದ್ದಿದ್ದ. ಒಂದು ಬೂಟಿನ ಲೇಸು ಮಾತ್ರ ಕಟ್ಟಿತ್ತು.

ಮರುವಾರ ಕೆಲಸಕ್ಕೆ ಹೋಗಿ ಅವನ ಸಾವನ್ನು ದಾಖಲಿಸಲು ಕೂತೆ. ಅದಕ್ಕೆ ಜಾಗವೇ ಇರಲಿಲ್ಲ. ಶಸ್ತ್ರಚಿಕಿತ್ಸೆಯೇ ಆಗದವನು ಸತ್ತರೆ ಅದು ಯಾರ ಫಲಿತಾಂಶವೂ ಅಲ್ಲವಂತೆ. ಈ ವರ್ಷ ನಮಗೆ ನಾಲ್ಕು ನಕ್ಷತ್ರ ಬಂತು. ಆಡಳಿತದವರು ಕೇಕ್ ಹಂಚಿದರು. ಸ್ಟ್ರೋಮ್ ಬರಲಿಲ್ಲ. ನಾನು ರಾಜೀನಾಮೆ ಕೊಟ್ಟೆ.

ನನ್ನ ಬೇಡಿಕೆ ದೊಡ್ಡದೇನಲ್ಲ. ಪ್ರತಿ ಆಸ್ಪತ್ರೆಯ ಹೆಸರಿನ ಪಕ್ಕದಲ್ಲಿ ಅದು ಬಾಗಿಲಿನಿಂದಲೇ ವಾಪಸು ಕಳಿಸಿದವರ ಸಂಖ್ಯೆಯನ್ನೂ, ಅವರಲ್ಲಿ ಎಷ್ಟು ಮಂದಿ ಉಳಿದರೆಂಬುದನ್ನೂ ಬರೆಯಿರಿ. ಅದಾಗದಿದ್ದರೆ, ವೈದ್ಯರು ಕಲಿಯಲೆಂದು ನಾನು ಬರೆದಿಟ್ಟ ಆ ಸಾವುಗಳನ್ನು ಮುಟ್ಟಬೇಡಿ.

ಇಂತಿ,
ಒಂದನ್ನೂ ಬಿಡದೆ ಬರೆದು, ಅಣ್ಣನನ್ನು ಬರೆಯಲಾಗದೆ ಹೋದ
ಡೆಲ್ಲಾ ವಿಕರ್ಸ್